ಬೆರಳು ಜಾರಲಿಲ್ಲ, ನವೋಮಿ

ನವೋಮಿ, ನಿಮ್ಮ ಅಜ್ಜನ ಕೈ ಜಾರಲಿಲ್ಲ. ಜಾರಿತು ಎಂದದ್ದು ನಾನು. ನಿಮಗೆ ಜಪಾನಿ ಬರುತ್ತಿರಲಿಲ್ಲ, ಒಕಾದಾ ಸಾನ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ಕೂತು ಮಾತು ದಾಟಿಸಿದವಳು ನಾನೊಬ್ಬಳೇ.

ಜಪಾನಿನ ಫುನಾಬೊರಿಯಲ್ಲಿ ನಮ್ಮ ಕೆಳಗಿನ ಮನೆಯ ಒಕಾದಾ ಸಾನ್ ಎರಡನೇ ಮಹಾಯುದ್ಧದಲ್ಲಿ ಆ ದೇಶದ ಒಂದು ಸಣ್ಣ ವಿಮಾನವಾಹಕ ಹಡಗಿನ ಮೆಕ್ಯಾನಿಕ್ ಆಗಿದ್ದವರು. ತೈಲ ಹೊತ್ತ ಹಡಗುಗಳಿಗೆ ಕಾವಲು ಹೋಗುವುದು, ವಿಮಾನ ಹಾರಿಸಿ ಶತ್ರುಗಳ ಸಬ್‌ಮರೀನ್ ಹುಡುಕುವುದು ಅದರ ಕೆಲಸ. ಕೊನೆಗೆ ಟಾರ್ಪೆಡೊ ಬಡಿದದ್ದು ಕಾವಲಿನ ಹಡಗಿಗೇ. ನಿಮ್ಮ ಅಜ್ಜ ಅದೇ ಹಡಗಿನಲ್ಲಿ ಅವರ ಗೆಳೆಯ. ಅಜ್ಜ ಹೇಗೆ ಸತ್ತರೆಂದು ಕೇಳಲು, ಅಮೆರಿಕದಲ್ಲೇ ಹುಟ್ಟಿ ಬೆಳೆದ ನೀವು ಅಲ್ಲಿಂದ ಬಂದಿರಿ.

ಆ ಮಧ್ಯಾಹ್ನ ಬಿಸಿಲಿತ್ತು — ಇತ್ತೇ? ಗೊತ್ತಿಲ್ಲ. ನೆನಪು ತನಗೆ ಬೇಕಾದ ಹಾಗೆ ಕೋಣೆಯನ್ನು ಓರಣ ಮಾಡಿಕೊಳ್ಳುತ್ತದೆ. ಮಾತು ಮಾತ್ರ ಹಾಗೇ ಉಳಿದಿದೆ.

"ತೆಪ್ಪ ಮುಳುಗುತ್ತಿತ್ತು," ಎಂದರು ಒಕಾದಾ ಸಾನ್. "ಅವನು ಅಂಚು ಹಿಡಿದು ನನ್ನ ಹೆಸರು ಕೂಗುತ್ತಿದ್ದ. ಬೆರಳು ಒಂದೊಂದೇ ಬಿಡಿಸಿದ್ದು ನಾನು."

ನೀವು ನನ್ನ ಮುಖ ನೋಡಿದಿರಿ.

"ಕೈ ಜಾರಿತಂತೆ," ಎಂದೆ. "ಕೊನೆಯವರೆಗೂ ಇವರು ಮೇಲಕ್ಕೆ ಎಳೆದುಕೊಳ್ಳಲು ನೋಡಿದರಂತೆ." ಎರಡನೆಯ ವಾಕ್ಯ ಎಲ್ಲಿಂದ ಬಂತೋ — ನಾನೇ ಸೇರಿಸಿದೆ.

ಅಷ್ಟರಲ್ಲಿ ಅವರು ಚಾಪೆಗೆ ಹಣೆ ಹಚ್ಚಿ ಬಾಗಿದರು. ತಪ್ಪು ಮಾಡಿದವರು ಬಾಗುವ ರೀತಿ ಅದು. ಇಲ್ಲಿನ ಹಿರಿಯರು ಹೀಗೆಯೇ ವಂದಿಸುತ್ತಾರೆಂದುಕೊಂಡು ನೀವೂ ಅಷ್ಟೇ ಬಾಗಿದಿರಿ, "ಅರಿಗಾತೋ" ಎಂದು ಧನ್ಯವಾದ ಹೇಳಿದಿರಿ. ಕ್ಷಮೆ ಸಿಕ್ಕಿತೆಂದು ಅವರು ಅತ್ತುಬಿಟ್ಟರು.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಒಳ್ಳೇದೇ ಮಾಡ್ದೆ ಬಿಡೆ. ಆ ಏಜಲ್ಲಿ ಪಾಪ, ನೆಮ್ಮದಿಯಾಗಿರ್ಲಿ. ಆ ಹುಡುಗಿಗೂ ಸುಮ್ನೆ ಯಾಕೆ ಟೆನ್ಶನ್?"

"ಹಾಗಾದ್ರೆ ಅವ್ಳು ಕ್ಷಮಿಸಿದ್ದು ಏನನ್ನ, ರೀ?"

"ನಿಂದೊಳ್ಳೆ ಲಾ ಪಾಯಿಂಟು! ಊಟ ಹಾಕು ಮೊದ್ಲು."

ಕರುಣೆಯಿಂದ ಮಾಡಿದೆ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಕರುಣೆಯೇ? ಬೆರಳು ಬಿಡಿಸಿದ ಆ ಮಾತು ನನ್ನ ಬಾಯಿಂದ ಹೊರಡುವುದು ನನಗೆ ಬೇಡವಾಗಿತ್ತು — ಅಷ್ಟೇ ಇರಬೇಕು.

ಒಕಾದಾ ಸಾನ್ ಹೋದ ವರ್ಷ ತೀರಿಕೊಂಡರು. ಮನಸ್ಸು ಹಗುರ ಮಾಡಿಕೊಂಡೇ ಹೋದರೆಂದರು ಅವರ ಮಗಳು. ಕ್ಷಮಿಸುವುದೋ ಬಿಡುವುದೋ ನಿಮಗೆ ಸೇರಿದ್ದು. ನಿಮ್ಮನ್ನು ಕೇಳದೆ ನಾನು ಅದನ್ನು ಕೊಟ್ಟುಬಿಟ್ಟೆ. ಈಗ ನೀವು ಕೊಡುತ್ತೇನೆಂದರೂ, ಕೊಡುವುದಿಲ್ಲ ಎಂದರೂ, ಕೇಳಿಸಿಕೊಳ್ಳಲು ಅವರಿಲ್ಲ.

ಇಂಗ್ಲಿಷಿಗಿಳಿದರೆ ಮತ್ತೆ ಮೆತ್ತಗೆ ಮಾಡಿಯೇನೆಂದು ಹೆದರಿ ಮೊದಲು ನನ್ನ ಭಾಷೆಯಲ್ಲಿ ಬರೆದಿದ್ದೇನೆ. ನಾಳೆ ನಿಮಗೆ ಫೋನ್ ಮಾಡುತ್ತೇನೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ. ಆಮೇಲೆ ನೀವು ಏನೇ ಅನ್ನಿ — ಅದನ್ನು ಬದಲಿಸಿ ದಾಟಿಸಲು ಆಚೆ ಬದಿಯಲ್ಲಿ ಯಾರೂ ಇರುವುದಿಲ್ಲ. ನಾನೇ ಕೇಳಿಸಿಕೊಳ್ಳಬೇಕು.