ಪ್ರಮೀಳಾ ಮತ್ತೆ ಮತ್ತೆ ನೋಡಿದ ಶಾಲೆ

ಪ್ರಮೀಳಾ ಚಿನಕುರಳಿಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ಯಾರು ಎಷ್ಟೇ ಅವಸರ ಮಾಡಲಿ, ಕಲಕದೆ ಸ್ಯಾಂಪಲ್ ತೆಗೆಯುವುದಿಲ್ಲ. ಕೆನೆ ಮೇಲೆ ನಿಂತಿರುವಾಗ ತೆಗೆದರೆ ಫ್ಯಾಟಿನ ಅಳತೆ ತಪ್ಪಾಗಿ ಬರುತ್ತದೆ. ಈ ಜೂನಿನಲ್ಲಿ ಮಗಳು ಅಕ್ಷಿತಾಳನ್ನು ಒಂದನೇ ತರಗತಿಗೆ ಸೇರಿಸಬೇಕಾದಾಗ, ಊರಿನ ಸರ್ಕಾರಿ ಶಾಲೆಯನ್ನೂ ಹಾಗೆಯೇ, ಮೇಲ್ನೋಟ ನಂಬದೆ, ನೋಡಲು ಹೊರಟಳು.

ಅಕ್ಷಿತಾ ಮನೆಯಲ್ಲಿ ವಟವಟ ಎನ್ನುವ ಹುಡುಗಿ. ಹೊರಗಿನವರೆದುರು ಬಾಯಿ ಬಿಡುವುದಿಲ್ಲ. ಅಂಗನವಾಡಿಯಲ್ಲಿ ಬಿದ್ದು ಮೊಣಕಾಲು ತರಚಿದ್ದನ್ನೂ ಯಾರಿಗೂ ಹೇಳದೆ ಬಂದಿದ್ದಳು. ಅಂಥ ಮಗುವನ್ನು ಇಲ್ಲಿ ಯಾರಾದರೂ ಗಮನಿಸುತ್ತಾರೆಯೇ? ಪ್ರಮೀಳಾಗೆ ಬೇಕಿದ್ದದ್ದು ಅದೊಂದೇ.

ಮೊದಲೇ ತಿಳಿಸಿ ಹೋದ ದಿನ ಶಾಲೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಅದಕ್ಕೇ ಅನುಮಾನ ಬಂತು. ಹೇಳದೆ ಹೋದ ದಿನ, ಒಂದರಿಂದ ಮೂರನೇ ತರಗತಿವರೆಗೆ ಒಬ್ಬರೇ ಕಲಿಸುತ್ತಿದ್ದ ಸಹನ ಮೇಡಂ ತರಬೇತಿಗೆಂದು ಪಾಂಡವಪುರಕ್ಕೆ ಹೋಗಿದ್ದರು. ಚಿಕ್ಕ ಮಕ್ಕಳನ್ನು ಐದನೇ ತರಗತಿಯ ಕೋಣೆಗೆ ತುಂಬಿದ್ದರು. ಮತ್ತೊಂದು ದಿನ ಕಿಟಕಿಯಿಂದ ನೋಡಿದರೆ, ನೆಲದ ಮೇಲೆ ಗುಂಪಾಗಿ ಕೂತ ಮಕ್ಕಳು ಪಾಠದ ಕಾರ್ಡು ಹಿಡಿದು ತಾವೇ ಓದುತ್ತಿದ್ದರು. ಒಂದಕ್ಕೊಂದು ತಾಳೆಯಾಗಲಿಲ್ಲ.

ಇತ್ತ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಓಡಿಸುವ ಪುಟ್ಟರಾಜು, ಶನಿವಾರದೊಳಗೆ ಹೇಳದಿದ್ದರೆ ಅಕ್ಷಿತಾಳಿಗೆಂದು ಹಿಡಿದಿಟ್ಟ ಸೀಟು ಬೇರೆಯವರಿಗೆ ಎಂದುಬಿಟ್ಟ. ಅತ್ತೆ ಪುಟ್ಟತಾಯಮ್ಮ ಪಾತ್ರೆ ತಿಕ್ಕುತ್ತಲೇ ಚುಚ್ಚಿದರು.

"ಎಣ್ಣು ನೋಡಕ್ಕೋಗೋರೂ ಇಷ್ಟು ಸಲ ಓಗಕಿಲ್ಲ ಕಣವ್ವ. ಒಪ್ಕತೀಯೋ ಬುಡ್ತೀಯೋ, ಒಂದು ಮಾತು ಏಳ್ಬುಡು."

ಶುಕ್ರವಾರ ಪ್ರಮೀಳಾ ಮಗಳನ್ನೇ ಕರೆದೊಯ್ದಳು. ಮಧ್ಯಾಹ್ನದವರೆಗೆ ಕೂರಿಸಿಕೊಳ್ಳಿ ಎಂದು ಸಹನ ಮೇಡಂ ಅವರನ್ನು ಕೇಳಿ ಬಿಟ್ಟುಬಂದಳು. ಡೈರಿಯಲ್ಲಿ ಕೂರಲಾಗದೆ ತೊಳೆದ ಕ್ಯಾನನ್ನೇ ಮತ್ತೆ ತೊಳೆದಳು. ಬಿಸಿಯೂಟದ ಹೊತ್ತಿಗೆ ಶಾಲೆಗೆ ಓಡಿದಳು.

"ಮಾತಾಡಿದ್ಲಾ ಮೇಡಂ?"

"ಇಲ್ಲಮ್ಮ, ಒಂದು ಮಾತೂ ಇಲ್ಲ. ಪೆನ್ಸಿಲ್ ಮುರಿದಾಗ ನನ್ನ ಹತ್ರ ಬರ್ಲಿಲ್ಲ, ಪಕ್ಕದಲ್ಲಿದ್ದ ಆತಿಯಾಳ ತೋಳು ಎಳೆದ್ಲು. ಅವಳ ಪಕ್ಕಾನೇ ಕೂರಿಸ್ತೀನಿ. ನಂಜೊತೆ ಮಾತಾಡೋಕೆ ದೀಪಾವಳಿ ಆಗ್ಬೋದು."

ಅಷ್ಟರೊಳಗೆ ನಿಮಗೇ ವರ್ಗಾವಣೆಯಾದರೆ ಎಂದು ಪ್ರಮೀಳಾ ಕೇಳಿದಳು. ಆಗಲೂಬಹುದು ಎಂದರು ಸಹನ ಮೇಡಂ, ಮುಚ್ಚಿಡದೆ.

ಆ ಉತ್ತರ ಮನಸ್ಸನ್ನು ಕೊರೆಯಿತು. ಆದರೂ ಮುರಿದ ಪೆನ್ಸಿಲನ್ನು ಒಬ್ಬರು ನೋಡಿದ್ದರು. ಗೇಟಿನ ಬಳಿ ನಿಂತು ಪುಟ್ಟರಾಜುಗೆ ಫೋನ್ ಮಾಡಿ ಸೀಟು ಬೇಡವೆಂದಳು. ಒಳಗೆ ಅಕ್ಷಿತಾ ತಟ್ಟೆ ಹಿಡಿದು ಆತಿಯಾಳ ಹಿಂದೆ ಸಾಲಿನಲ್ಲಿದ್ದಳು. ಪ್ರಮೀಳಾ ಬಿಸಿಲಿನಲ್ಲೇ ಇನ್ನಷ್ಟು ಹೊತ್ತು ನಿಂತಳು, ಅನ್ನ ಬಡಿಸುವವರಿಗೆ ಮಗಳು ಸಾಕು ಎನ್ನಬಲ್ಲಳೇ ಎಂದು ನೋಡಲು.