ಪರದೆಯ ಆಚೆಗಿನ ಒಲೆ

ಪೆರೂಸಿಗೆ ಬೆಳಗ್ಗಿನಿಂದ ತಲೆ ಕೆಟ್ಟುಹೋಗಿತ್ತು. ಬಾಣಂತಿ ಮಗಳು ನಾಂಪೀಮಾ ಇವತ್ತು ಆಸ್ಪತ್ರೆಯಿಂದ ಮನೆಗೆ ಬರುವವಳು. ಹೆರಿಗೆಯಾದಾಗಿನಿಂದ ಅವಳ ಹೊಟ್ಟೆಗೆ ಏನೂ ನೆಟ್ಟಗೆ ಇಳಿದಿಲ್ಲ, ಮಗುವಿಗೆ ಹಾಲೂ ಸಾಲುತ್ತಿಲ್ಲ. ಅಮ್ಮನ ಕೈಯ ಕಟೋಗೋ ಆದರೆ ತಿನ್ನುತ್ತೇನೆ ಎಂದಿದ್ದಳು. ಬೋಟಿಯ ಜೊತೆ ಹಸಿ ಬಾಳೆಕಾಯಿ ಬೇಯಿಸಿದ ಆ ಸಾರಿಗೆಂದು ಪೆರೂಸಿ ತನ್ನ ತೋಟದಲ್ಲಿ ಗೊನೆ ಕಡಿಯಲು ಹೋಗಿ, ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು, ಗೊನೆಯನ್ನು ಬಸ್ಸಿನ ಮೇಲೆ ಹೇರಿಸಿಯೇ ಮಸಾಕಾದಿಂದ ಕಂಪಾಲಾಕ್ಕೆ ಬಂದಳು. ಅವಳ ಜಾಯಮಾನವೇ ಅಂಥದ್ದು. ಊರಲ್ಲಿ ಮದುವೆಯಾಗಲಿ ಸಾವಾಗಲಿ, ದೊಡ್ಡ ಪಾತ್ರೆಯ ಮುಂದೆ ಅವಳೇ ನಿಲ್ಲಬೇಕು. ಅಡುಗೆಮನೆಗೆ ಇಣುಕಿದ ಗಂಡಸರನ್ನು ಸೌಟು ತೋರಿಸಿ ಓಡಿಸಿದವಳು.

ಈಗ ಒಲೆಯ ಮುಂದೆ ಅಳಿಯ ಸೆರುವಾಡ್ಡಾ. ನಡುವೆ ಕಟ್ಟಿದ ಪರದೆಯ ಈಚೆ, ಚಾಪೆಯ ಮೇಲೆ ಪೆರೂಸಿ. ಅವರಲ್ಲಿ ಅತ್ತೆ ಅಳಿಯ ಮುಖಾಮುಖಿಯಾಗಬಾರದು, ಒಬ್ಬರ ತಟ್ಟೆಯಲ್ಲಿ ಒಬ್ಬರು ಉಣ್ಣಬಾರದು, ತಪ್ಪಿದರೆ ಮೈನಡುಕದ ರೋಗ ಬರುತ್ತದೆ. ಬಾಡಿಗೆ ಮನೆ ಚಿಕ್ಕದೆಂದು ಹಿರಿಯರ ಕಟ್ಟಳೆ ಸಡಿಲವಾಗುತ್ತದೆಯೇ?

“ಅಳಿಯಂದ್ರೇ, ಸಿಪ್ಪೆ ತೆಗೆಯೋಕೆ ಮುಂಚೆ ಕೈಗೆ ಎಣ್ಣೆ ಹಚ್ಕೊಂಡ್ರಾ?”

“ಮರ್ತೇಬಿಟ್ಟೆ ಅತ್ತೆ. ಸೊನೆ ಹತ್ತಿ ಕೈಯೆಲ್ಲ ಕಪ್ಪಾಗಿದೆ.”

“ಕೈ ಹಾಳಾಗ್ಲಿ. ಕಾಯಿ ನೀರಿಗೆ ಹಾಕಿದ್ದೀರಾ?”

ಆಗ ಆಚೆ ನೀರು ಸುರಿದ ಸದ್ದಾಯಿತು. ಪೆರೂಸಿ ಹಲ್ಲು ಕಡಿದಳು.

ಬೋಟಿ ಬೆಂದು, ಕಾಯಿ ಬಿದ್ದು, ಸಾರು ಕುದಿಯತೊಡಗಿತು. ಕೂಡಲೇ ಪಾತ್ರೆಯ ತಳ ಕೆರೆಯುವ ಸದ್ದು.

“ಸೌಟು ಆಡಿಸ್ತಿದ್ದೀರಾ? ಕಾಯಿ ಮುದ್ದೆಯಾಗತ್ತೆ. ಪಾತ್ರೆ ಹಿಡ್ದು ಕುಲುಕಿ ಅಂದಿದ್ನಲ್ಲ. ಗ್ಯಾರೇಜಲ್ಲಿ ಕಾರನ್ನೂ ಹೀಗೇ ಕೆದಕ್ತೀರಾ?”

“ಕಾರು ಹೀಗೆ ಬಯ್ಯಲ್ಲ ಅತ್ತೆ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಮಸಾಲೆಯ ಘಾಟು ಮೂಗಿಗೆ ಬಡಿಯಿತು.

“ಪುಡಿ ಒಂದೇ ಚಮಚ ಅಂದಿದ್ದೆ.”

“ಚಮಚ ಸಿಗ್ಲಿಲ್ಲ. ಪೊಟ್ಟಣನೇ ಸ್ವಲ್ಪ ಬಗ್ಗಿಸ್ದೆ.”

ಪೆರೂಸಿ ಎಡಗೈಯಿಂದ ಪರದೆ ಹಿಡಿದಳು. ಕಿತ್ತೆಸೆದು ಒಳಗೆ ನುಗ್ಗಿಬಿಡುವಷ್ಟು ಸಿಟ್ಟು. ಆದರೆ ನುಗ್ಗಿ ಮಾಡುವುದಾದರೂ ಏನು, ಈ ಕೈಯಲ್ಲಿ? ಊರಿಗೆಲ್ಲ ಬೇಯಿಸಿ ಹಾಕಿ, ಹೆತ್ತ ಮಗಳು ಬಾಯಿಬಿಟ್ಟು ಕೇಳಿದ ದಿನ ಬರೀ ವಟಗುಟ್ಟುತ್ತ ಕೂರಬೇಕಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಪರದೆ ಬಿಟ್ಟಳು.

ಮಧ್ಯಾಹ್ನ ಸೆರುವಾಡ್ಡಾನ ತಂಗಿ ಬಾಣಂತಿಯನ್ನೂ ಕೂಸನ್ನೂ ಮನೆಗೆ ತಂದುಬಿಟ್ಟು ಹೋದಳು. ಅವನು ಎರಡು ತಟ್ಟೆ ಬಡಿಸಿ ಪರದೆಯಡಿ ಈಚೆಗೆ ತಳ್ಳಿದ. ನಾಂಪೀಮಾ ಒಂದು ತುತ್ತು ಬಾಯಿಗಿಟ್ಟು ತಡೆದಳು.

“ಅಮ್ಮ, ಇದು ನೀನು ಮಾಡಿದ್ದಲ್ಲ.”

“ನಿನ್ನ ಗಂಡನ ಪ್ರತಾಪ. ಸೇರದಿದ್ರೆ ಬಿಡು. ಇವತ್ತು ಬೈದು ಬೈದು ನನ್ನ ಗಂಟಲೂ ಹೋಯ್ತು.”

ನಾಂಪೀಮಾ ಬಿಡಲಿಲ್ಲ. ತಟ್ಟೆ ಬಳಿದು ತಿಂದು, ಪರದೆಯಡಿ ಮತ್ತೆ ಚಾಚಿದಳು. ಅದೂ ಮುಗಿಯಿತು. ಮೂರನೆಯ ಸಲ ಚಾಚಿದಾಗ ಪೆರೂಸಿ ಕಣ್ಣೊರೆಸಿಕೊಂಡಳು. ಸಂತೋಷವೂ ಆಯಿತು, ಅಷ್ಟೇ ಹೊಟ್ಟೆಯೂ ಉರಿಯಿತು.

“ಇಷ್ಟೇ ಉಳಿದಿದ್ದು, ತಗೋ,” ಎಂದ ಸೆರುವಾಡ್ಡಾ ಆಚೆಯಿಂದ.

“ಅಳಿಯಂದ್ರೇ, ನೀವು ತಿಂದ್ರಾ?”

ಆಚೆ ಪಾತ್ರೆ ತಿಕ್ಕುವುದು ಶುರುವಾಯಿತು. ಬೆಳಗ್ಗಿನಿಂದ ಅವನು ಒಂದು ಲೋಟ ಚಹಾ ಕುಡಿದ ಸದ್ದೂ ಕೇಳಿರಲಿಲ್ಲ. ಪೆರೂಸಿ ಮುಟ್ಟದೆ ಇಟ್ಟುಕೊಂಡಿದ್ದ ತನ್ನ ತಟ್ಟೆಯನ್ನು ಮಗಳತ್ತ ಸರಿಸಿ ಪಿಸುಗುಟ್ಟಿದಳು: “ಆಚೆ ಕೊಡು. ನಿಂದು ಅನ್ನು. ನಂದು ಅಂತ ಮಾತ್ರ ಹೇಳ್ಬೇಡ, ಆ ಮೊಂಡ ಮುಟ್ಟಲ್ಲ.”

ಪರದೆ ತೆಳ್ಳಗಿತ್ತು. ಆಚೆ ಪಾತ್ರೆ ತಿಕ್ಕುವುದು ನಿಂತಿತು. ಆಮೇಲೆ ಸೆರುವಾಡ್ಡಾ ಈಚೆಗೆ ಚೆನ್ನಾಗಿ ಕೇಳುವಂತೆ ಹೇಳಿದ:

“ನಿಂದೇ ಎಂಜಲು ತಾನೇ? ಕೊಡು, ತಿಂತೀನಿ.”