ಇದ್ದೆನು, ಇದ್ದೇನು

ಬೆಳಗಿನ ಅಡುಗೆ ಮುಗಿಸಿ ನಮ್ಮ ಅತ್ತೆಯವರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಆರಿಸಲು ಕುಳಿತರೆಂದರೆ, ಮನೆಯಲ್ಲೊಂದು ನ್ಯಾಯಾಲಯ ಆರಂಭವಾದಂತೆಯೇ ಸರಿ. ಕಲ್ಲು ಯಾವುದು, ನೆಲ್ಲು ಯಾವುದು ಎಂದು ಬೆರಳುಗಳು ತೀರ್ಮಾನಿಸುತ್ತಿದ್ದರೆ, ಬಾಯಿ ಇನ್ನಾವುದೋ ಮೊಕದ್ದಮೆಯ ತೀರ್ಪು ಹೇಳುತ್ತಿರುತ್ತದೆ. ನನ್ನ ಬಾಳಿನ ಮೊದಲ ಸಂದರ್ಶನದ ತಾಲೀಮು ನಡೆದದ್ದು ಆ ಮೊರದ ಎದುರಿಗೆ.

ನಡುವಯಸ್ಸಿನಲ್ಲಿ ಮೊದಲ ಸಂದರ್ಶನವೇ ಎಂದು ನಗಬೇಡಿ, ಮಿತ್ರರೇ. ಹೊಸಪೇಟೆಯ ಒಂದು ಚಿಕ್ಕ ಕನ್ನಡ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತ ಕೂದಲು ನರೆಸಿಕೊಂಡವಳು ನಾನು. ಪ್ರಶ್ನೆ ಕೇಳುವುದು ನನ್ನ ಕಸುಬಾಗಿತ್ತೇ ಹೊರತು ಉತ್ತರಿಸುವುದಲ್ಲ. ಅದಿರಿನ ಕಾಲ ಬಂದು, ಸಂಡೂರಿನ ಗುಡ್ಡಗಳು ಲಾರಿಯೇರಿ ಬಂದರಿಗೆ ಹೊರಟು, ಊರವರ ಕೈಯಲ್ಲಿ ಹೊಸ ಸಿರಿ ಆಡತೊಡಗಿದಾಗ, ಮಕ್ಕಳು ಇಂಗ್ಲಿಷ್ ಶಾಲೆಗಳ ವ್ಯಾನು ಹತ್ತಿದರು; ನಮ್ಮ ಶಾಲೆ ಬಾಗಿಲು ಹಾಕಿತು. ಈಗ ಅದೇ ಅದಿರಿನ ಒಂದು ಕಂಪನಿಗೆ, ಹಳ್ಳಿಗಳಿಗೂ ಪಂಚಾಯಿತಿಗಳಿಗೂ ಕನ್ನಡದಲ್ಲಿ ಪತ್ರ ಬರೆಯಬಲ್ಲವರೊಬ್ಬರು ಬೇಕಾಗಿದ್ದರು. ನನ್ನ ಪತಿ ತೀರಿಕೊಂಡ ಮೇಲೆ ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಈ ಕೆಲಸ ಕೈತಪ್ಪಿದರೆ ಇಬ್ಬರೂ ಕಂಪ್ಲಿಗೆ ಹೋಗಿ ಮೈದುನನ ಅಕ್ಕಿ ಗಿರಣಿಯನ್ನು ನೆಚ್ಚಿಕೊಳ್ಳಬೇಕಿತ್ತು. ಮೈದುನ ಒಳ್ಳೆಯವನೇ, ಆದರೆ ತೌಡು ಹಾರುವ ಆ ಗಿರಣಿಯಲ್ಲಿ ನನ್ನ ಕನ್ನಡಕ್ಕೆ ಮಾಡಲು ಏನೂ ಇರಲಿಲ್ಲ.

ಆದ್ದರಿಂದ ಸಂದರ್ಶನಗಳಿಗೆ ಹೋಗಿಬಂದವರನ್ನು ವಿಚಾರಿಸಿ, ಎಲ್ಲೆಡೆಯೂ ಕೇಳುವ ಪ್ರಶ್ನೆಗಳನ್ನು ಅತ್ತೆಯವರಿಗೆ ಬಾಯಿಪಾಠ ಮಾಡಿಸಿದೆ.

“ನಿನಗ ಏನೇನ್ ಬರ್ತೈತವಾ?” ಅತ್ತೆಯವರು ಆರಂಭಿಸಿದರು.

“ಪತ್ರಲೇಖನ, ಅನುವಾದ, ಕರಡು ತಿದ್ದುವುದು.”

“ರೊಟ್ಟಿ ಹೇಳಲಿಲ್ಲಲ್ಲ?”

“ಅವರು ರೊಟ್ಟಿ ಕೇಳೂದಿಲ್ರಿ ಅತ್ತಿ.”

“ಕೇಳದಿದ್ರ ಚಲೋನ ಆತು. ನಿನ್ನ ರೊಟ್ಟಿ ಸುದ್ದಿ ಗೊತ್ತಾದ್ರ ಯಾರೂ ಕೆಲಸ ಕೊಡಾಂಗಿಲ್ಲ. ಐದು ವರ್ಷ ಆದ ಮ್ಯಾಲೆ ಎಲ್ಲಿರ್ತಿ?”

ನಾನು ಬೆನ್ನು ನೇರ ಮಾಡಿಕೊಂಡೆ. “ಐದು ವರ್ಷಗಳ ತರುವಾಯ ನಾನು ಇದೇ ಕಚೇರಿಯ ಹಿರಿಯ ಹುದ್ದೆಯಲ್ಲಿ ಇರುವೆನು.”

“ಇರುವೆನು! ನಾಟಕದಾಗ ರಾಜ ಬಂದಂಗಾತು,” ಎಂದು ನಕ್ಕರು. “ಹಂಗ ಯಾರರ ಎದಿ ತಟ್ಟಿ ಹೇಳ್ತಾರೇನವಾ? ‘ಇದ್ದೇನ್ರಿ’ ಅನ್ನು.”

“ಇದ್ದೇನು ಅಂದ್ರ ಅನುಮಾನ ಇದ್ದಂಗಲ್ರಿ?”

“ಎಲ್ಲೀ ಅನುಮಾನ! ನಾನು ಬುಕ್ಕಸಾಗರದಾಕಿ. ಭತ್ತ ನಟ್ಟು ಬಂದು ನಮ್ಮಪ್ಪ ‘ಬೆಳದೀತು’ ಅಂತಿದ್ದ, ‘ಬೆಳಿತೈತಿ’ ಅಂತಿದ್ದಿಲ್ಲ. ಹಂಗಂತ ನೆಡೋದು ಬಿಟ್ಟಿದ್ನೇನು?”

ಸಂಭಾವನಾರ್ಥಕ ಕ್ರಿಯಾಪದವನ್ನು ಎಷ್ಟೋ ತಂಡಗಳ ಮಕ್ಕಳಿಗೆ ಕಲಿಸಿದ್ದೇನೆ. ಬಂದೇನು, ಬಂದೀತು ಎಂದು ಕಪ್ಪುಹಲಗೆ ತುಂಬಿಸಿದ್ದೇನೆ. ಆದರೂ ಅಂದು ಆ ಪದವನ್ನು ಮನಸ್ಸಿನಲ್ಲಿ ಹೊರಳಿಸುತ್ತ ಕುಳಿತವಳಿಗೆ ಮೈ ನವಿರೆದ್ದಿತು. ಇದ್ದೆನು ಎಂದರೆ ಮುಗಿದುಹೋದ ಬಾಳು. ಇದ್ದೇನು ಎಂದರೆ ಇನ್ನೂ ತೆರೆದಿರುವ ಬಾಳು. ಎರಡರ ನಡುವೆ ಇರುವುದು ಒಂದು ಮಾತ್ರೆಯ ಅಂತರ ಮಾತ್ರ! ಆಗಿಹೋದದ್ದನ್ನು ಹೇಳುವ ರೂಪವನ್ನೇ ಹಿಡಿದು, ಅದರ ಉಸಿರನ್ನು ತುಸುವೇ ಎಳೆದು, ಆಗಬಹುದಾದದ್ದನ್ನು ಹೇಳುವ ದಾರಿಯನ್ನು ಕಂಡುಕೊಂಡವರು ಯಾರೋ, ಯಾವ ಹೊಲದ ಬದುವಿನಲ್ಲಿ ನಿಂತು ಕಂಡುಕೊಂಡರೋ! ಹಂಪಿಯ ಕಲ್ಲುಕಂಬಗಳು ‘ಇದ್ದೆವು’ ಎನ್ನುತ್ತವೆ, ಬುಕ್ಕಸಾಗರದ ಪೈರುಗಳು ‘ಇದ್ದೇವು’ ಎನ್ನುತ್ತವೆ, ಒಂದೇ ಹೊಳೆ ಎರಡನ್ನೂ ಕೇಳಿಸಿಕೊಳ್ಳುತ್ತ ಹರಿಯುತ್ತದೆ. ಹೀಗೆಲ್ಲ ಬೆರಗಾದರೂ, ಸಂದರ್ಶನಕ್ಕೆ ಬೆರಗು ಒದಗುವುದಿಲ್ಲವೆಂದು ‘ಇರುವೆನು’ ಎಂಬುದನ್ನೇ ಗಟ್ಟಿ ಮಾಡಿಕೊಂಡು ಸಂಡೂರಿನ ಬಸ್ಸು ಹತ್ತಿದೆ.

ಕಚೇರಿಯಲ್ಲಿ ನನ್ನನ್ನು ಕಂಡವರು ಒಬ್ಬರೇ ಅಧಿಕಾರಿ. ಇಲ್ಲಿಯವರೇ ಎಂದು ಮಾತಿನಿಂದ ತಿಳಿಯಿತು. “ಕುಂದ್ರಿ ಮೇಡಂ,” ಎಂದರು. ಪ್ರಶ್ನೆಗಳು ತಾಲೀಮಿನ ಕ್ರಮದಲ್ಲಿಯೇ ಬಂದವು, ರೊಟ್ಟಿಯೊಂದನ್ನು ಬಿಟ್ಟು. ಕೊನೆಗೆ, “ಐದು ವರ್ಷಕ್ಕ ಎಲ್ಲಿರ್ತೀರಿ?”

ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೆ ಅವರ ಬೆನ್ನಹಿಂದಿನ ಕಿಟಕಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ, ನೆತ್ತಿಯಿಲ್ಲದ ಕೆಂಪು ಗುಡ್ಡವೊಂದು ನಿಂತಿತ್ತು. ಯುಗಯುಗಗಳಿಂದ ಅಲುಗದೆ ಕುಳಿತದ್ದು ಹೀಗೆ ಇಳಿಯುತ್ತಿರುವಾಗ, ನಾನೊಬ್ಬಳು ಯಾವ ಧೈರ್ಯದಿಂದ ‘ಇರುವೆನು’ ಎನ್ನಲಿ?

“ಇಲ್ಲೇ ಇದ್ದೇನ್ರಿ,” ಎಂದುಬಿಟ್ಟೆ.

“ಇದ್ದೇನು ಅಂದ್ರ? ಗ್ಯಾರಂಟಿ ಇಲ್ಲೇನ್ರಿ?”

“ಆ ಗುಡ್ಡದ ಗ್ಯಾರಂಟಿ ನೀವು ಕೊಟ್ರ, ನನ್ನದು ನಾನು ಕೊಡ್ತೀನ್ರಿ.”

ಮಾತು ಆಡಿದ ಮರುಕ್ಷಣವೇ ಕಂಪ್ಲಿಯ ಗಿರಣಿ ಕಣ್ಣಮುಂದೆ ತಿರುಗಿತು. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಒಂದು ಹಾಳೆಯನ್ನು ನನ್ನತ್ತ ಸರಿಸಿ, ಗುಡ್ಡದ ಕೆಳಗಿನ ಹಳ್ಳಿಯೊಂದಕ್ಕೆ ಪತ್ರ ಬರೆಯಲು ಹೇಳಿದರು. ಅಗೆದ ಜಾಗದಲ್ಲಿ ಐದು ವರ್ಷದೊಳಗೆ “ಸಸಿಗಳನ್ನು ನೆಡಲಾಗುವುದು” ಎಂದು ಅವರು ಹೇಳುತ್ತಿದ್ದಂತೆಯೇ ನನ್ನ ಲೇಖನಿ ನಿಂತಿತು.

“ಯಾರು ನೆಡ್ತಾರ್ರಿ ಸರ್?”

“ಅಂದ್ರ?”

“ನೆಡಲಾಗುವುದು ಅಂದ್ರ ಕರ್ತೃನ ಇಲ್ರಿ. ಯಾರೂ ನೆಡದಿದ್ರೂ ವಾಕ್ಯ ತಪ್ಪಾಗೂದಿಲ್ಲ. ‘ನೆಟ್ಟೇವು’ ಅಂತ ದೀರ್ಘ ಎಳೆದು ಬರೆದ್ರ, ನೆಟ್ರ ನೆಟ್ರಿ, ಇಲ್ಲಾಂದ್ರ ಇಲ್ಲ. ‘ನೆಡುತ್ತೇವೆ’ ಅಂದ್ರ ಮಾತು ಕೊಟ್ಟಂಗ. ಯಾವುದು ಬರೀಲಿ?”

ಕೆಲಸ ಕೇಳಲು ಬಂದವಳು ಕೆಲಸ ಕೊಡುವವರನ್ನೇ ಸಂದರ್ಶಿಸುತ್ತಿದ್ದೆ. ಅವರು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಗುಡ್ಡದತ್ತ ಕೈ ತೋರಿಸಿದರು.

“ಆ ಗುಡ್ಡದ ಬುಡಕ್ಕ ನಮ್ಮೂರು ಐತ್ರಿ ಮೇಡಂ. ಈ ಪತ್ರ ಓದಿಸಿಕೊಂಡು ಕೇಳಾಕಿ ನಮ್ಮವ್ವ.” ಮತ್ತೆ ನನ್ನತ್ತ ತಿರುಗಿದರು. “‘ನೆಡುತ್ತೇವೆ’ ಅಂತನ ಬರೀರಿ. ಐದು ವರ್ಷಕ್ಕ ಇನ್ನೊಂದು ಪತ್ರ ಬರೀಬೇಕಾಗತೈತಿ, ‘ನೆಟ್ಟೆವು’ ಅಂತ, ದೀರ್ಘ ಇಲ್ಲದ್ದು. ಅದಕ್ಕರ ನೀವು ಇರಬೇಕಲ್ರಿ? ಸೋಮವಾರ ಬಂದುಬಿಡ್ರಿ.”

ಸಾವಿರಾರು ಕ್ರಿಯಾಪದಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಕೈ ಇದು. ಆದರೂ ‘ನೆಡುತ್ತೇವೆ’ ಎಂಬ ಪದದ ಅರ್ಧಕ್ಕೆ ಬಂದಾಗ ತಡೆದು ನಿಂತಿತು. ‘ನಾವು’ ಎಂದು ಸೂಚಿಸುವ ಕೊನೆಯ ಆ ‘ಏವೆ’ ಎಂಬ ಪುಟ್ಟ ಪ್ರತ್ಯಯದೊಳಗೆ ಈ ಗಳಿಗೆಯಿಂದ ನಾನೂ ಸೇರಿದ್ದೇನೆ ಎಂಬುದು ಆಗ ಹೊಳೆಯಿತು. ಅಷ್ಟು ಚಿಕ್ಕ ಪ್ರತ್ಯಯ, ಅಷ್ಟು ದೊಡ್ಡ ಗುಡ್ಡ. ಅದನ್ನೊಮ್ಮೆ ಬುಡದಿಂದ ತುದಿಯವರೆಗೆ ನೋಡಿ, ಪದವನ್ನು ಪೂರ್ತಿ ಮಾಡಿದೆ.